ಅಂಗಡಿಯಲ್ಲಿ ಆರು ಲಕ್ಷದ ಸರಕಿದೆ, ಗಿರಾಕಿ ಕೇಳಿದ ಸಾಮಾನು ಮಾತ್ರ ಇರುವುದಿಲ್ಲ. ಈ ಲೆಕ್ಕವನ್ನು ಹೇಗೆ ಹಾಕಬೇಕು?

ದುರ್ಗದ ಮೋಟಾರು ಅಂಗಡಿ (ಪ್ರಶ್ನೆ, ಫೆಬ್ರವರಿ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಕಡೆ ನಮ್ಮದೊಂದು ಸಣ್ಣ ಅಂಗಡಿ. ಸಬ್‌ಮರ್ಸಿಬಲ್ ಮೋಟಾರು ಮತ್ತು ಪಂಪುಗಳ ಬಿಡಿಭಾಗ ಮಾರುತ್ತೇವೆ. ಹಿಂದಿನ ಶೆಡ್ಡಿನಲ್ಲಿ ಸುಟ್ಟ ಮೋಟಾರುಗಳಿಗೆ ಕಾಯಿಲ್ ಸುತ್ತಿ ಕೊಡುತ್ತೇವೆ. ಅಪ್ಪ ಮೂವತ್ತು ವರ್ಷ ನಡೆಸಿದ ಅಂಗಡಿ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಬಿ.ಕಾಂ. ಮುಗಿಸಿ ಬೇರೆ ಕಡೆ ಲೆಕ್ಕ ಬರೆಯುತ್ತಿದ್ದ ನಾನು ಅಂದಿನಿಂದ ಗಲ್ಲಾದಲ್ಲಿ ಕುಳಿತಿದ್ದೇನೆ. ನನಗೀಗ 29 ವರ್ಷ.

ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ಹೊಳಲ್ಕೆರೆ ಕಡೆಯ ರೈತರೊಬ್ಬರು ಬಂದರು. ಏಳೂವರೆ ಎಚ್.ಪಿ. ಮೋಟಾರಿನ ಥ್ರಸ್ಟ್ ಬೇರಿಂಗ್ (ತಿರುಗುವ ಭಾಗದ ಭಾರ ಹೊರುವ ಬಿಡಿಭಾಗ) ಕೇಳಿದರು. ಹಳೆಯ ಬೇರಿಂಗನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಅದರ ಕಾರ್ಬನ್ ಬಿಲ್ಲೆ ಮೂರು ಚೂರಾಗಿತ್ತು. ನಮ್ಮಲ್ಲಿ ಹದಿನೈದು ಎಚ್.ಪಿ.ಯದು ನಾಲ್ಕಿದ್ದವು, ಐದರದು ಹನ್ನೊಂದಿದ್ದವು, ಏಳೂವರೆಯದು ಒಂದೂ ಇರಲಿಲ್ಲ. ಅವರು ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದರು, ಟವೆಲನ್ನು ಮತ್ತೆ ಸುತ್ತಿಕೊಂಡರು, ದಾವಣಗೆರೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ಹೊರಟರು. ಅಡಿಕೆ ತೋಟಕ್ಕೆ ನೀರು ಬಿಟ್ಟು ಆಗಲೇ ಮೂರು ದಿನವಾಗಿತ್ತಂತೆ. ಆ ದಿನದಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ.

ಅಪ್ಪನಿಗೆ ಎಲ್ಲವೂ ತಲೆಯಲ್ಲಿತ್ತು. ಮೋಡ ನೋಡಿಯೇ ಸರಕು ತರಿಸುತ್ತಿದ್ದರು. ನನಗೆ ಆ ಅನುಭವವಿಲ್ಲ, ಲೆಕ್ಕ ಮಾತ್ರ ಬರುತ್ತದೆ. ಹಾಗಾಗಿ ಕಳೆದ ವರ್ಷದ ಬಿಲ್ಲುಗಳನ್ನು ಕೂತು ತೆಗೆದೆ. ಏಳೂವರೆಯ ಥ್ರಸ್ಟ್ ಬೇರಿಂಗ್ ಬೇಸಿಗೆಯ ಹನ್ನೆರಡು ವಾರಗಳಲ್ಲಿ ಹೋದದ್ದು ಹೀಗೆ:

2, 4, 3, 3, 11, 2, 4, 1, 4, 10, 3, 3.

ವರ್ಷದಲ್ಲಿ ಒಟ್ಟು ಸುಮಾರು 120 ಹೋಗುತ್ತವೆ. ಖರೀದಿ ಬೆಲೆ 900 ರೂಪಾಯಿ, ಒಂದರ ಮೇಲೆ ಸಿಗುವುದು 300. ಸರಕು ಕೊಯಮತ್ತೂರಿನಿಂದ ಲಾರಿ ಪಾರ್ಸೆಲಿನಲ್ಲಿ ಬರುತ್ತದೆ. ಸಾಮಾನ್ಯವಾಗಿ 9 ದಿನ. ಒಮ್ಮೊಮ್ಮೆ 6ಕ್ಕೇ ಬಂದದ್ದಿದೆ, ಒಮ್ಮೆ 16 ಆದದ್ದೂ ಇದೆ. ಒಂದು ಸಲ ತರಿಸಲು ಬಾಡಿಗೆ, ಹಮಾಲಿ, ಪಾರ್ಸೆಲ್ ಕಚೇರಿಗೆ ಹೋಗಿಬರುವುದು ಎಲ್ಲ ಸೇರಿ 350 ರೂಪಾಯಿ. ಸಾಲದ ಬಡ್ಡಿ, ಜಾಗ, ತುಕ್ಕು ಎಲ್ಲವನ್ನೂ ಹಿಡಿದರೆ ಸರಕನ್ನು ಒಂದು ವರ್ಷ ಇಟ್ಟುಕೊಳ್ಳಲು ಬೆಲೆಯ ಶೇ. 20 ಖರ್ಚು ಎಂದು ಅಂದಾಜು ಮಾಡಿದ್ದೇನೆ.

ಯಾವಾಗ ತರಿಸಬೇಕು, ಎಷ್ಟು ತರಿಸಬೇಕು? ಇಂಥ 214 ಬಗೆಯ ಸಾಮಾನಿದೆ. ಪ್ರತಿಯೊಂದಕ್ಕೂ ಹೀಗೆ ಕೂರಲು ಸಾಧ್ಯವೇ? ಬೇಸಿಗೆ ಈಗಷ್ಟೇ ಶುರುವಾಗುತ್ತಿದೆ. ತಿಳಿದವರು ದಯವಿಟ್ಟು ಹೇಳಿಕೊಡಿ.

---

ಹಳೆಯ ಸ್ಟೋರ್ ಕೀಪರ್, ದಾವಣಗೆರೆ

ಮಗಳೇ, ನನಗೆ 71 ವರ್ಷ, ನೀನು ಎಂದೇ ಬರೆಯುತ್ತೇನೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ನಾನು ಒಂದು ಹತ್ತಿ ಗಿರಣಿಯ ಸ್ಟೋರಿನಲ್ಲಿದ್ದೆ. ಗಿರಣಿಯ ಬಾಗಿಲು ಮುಚ್ಚುವವರೆಗೆ, 27 ವರ್ಷ.

ಮೊದಲು ನಿನ್ನ ಲೆಕ್ಕದಲ್ಲೇ ಒಂದು ಪ್ರಶ್ನೆ. ಎಂಟನೆಯ ವಾರ 1 ಎಂದು ಬರೆದಿದ್ದೀಯಲ್ಲ, ಆ ವಾರ ಡಬ್ಬಿಯಲ್ಲಿ ಎಷ್ಟು ಬೇರಿಂಗ್ ಇದ್ದವು? ಟವೆಲಿನಲ್ಲಿ ಬೇರಿಂಗ್ ಸುತ್ತಿ ತಂದವರು ಬಂದದ್ದು ಅದೇ ವಾರವೇ? ಹೌದಾದರೆ ಆ ವಾರ ನಿನ್ನಲ್ಲಿ ಸರಕು ಇದ್ದದ್ದು ಒಂದು ಎಂದು ಮಾತ್ರ ಗೊತ್ತಾಯಿತು. ಎಷ್ಟು ಜನ ಕೇಳಿದರು ಎಂಬುದು ಬಿಲ್ಲಿನಲ್ಲಿ ಎಲ್ಲಿದೆ? ಬರಿಗೈಯಲ್ಲಿ ಹೋದವರಿಗೆ ಯಾರೂ ಬಿಲ್ಲು ಹರಿಯುವುದಿಲ್ಲ. ಬಿಲ್ಲು ನಂಬಿ ಸರಕು ತರಿಸಿದರೆ ಕೊರತೆಯಿದ್ದ ಸಾಮಾನು ವರ್ಷ ವರ್ಷವೂ ಕೊರತೆಯಾಗಿಯೇ ಉಳಿಯುತ್ತದೆ.

ಆದ್ದರಿಂದ ನಾಳೆ ಬೆಳಗ್ಗೆಯೇ ಒಂದು ನೂರು ಪುಟದ ನೋಟ್‌ಬುಕ್ ತಂದು ಗಲ್ಲಾದ ಪಕ್ಕ ಇಡು. ಅದಕ್ಕೆ ‘ಇಲ್ಲ ಪುಸ್ತಕ’ ಎಂದು ಹೆಸರು ಬರೆ. ನಿನ್ನ ಬಾಯಿಂದ ಇಲ್ಲ ಎಂಬ ಮಾತು ಬಂದಾಗಲೆಲ್ಲ ತಾರೀಖು, ಸಾಮಾನು, ಎಷ್ಟು ಬೇಕಿತ್ತು, ಇಷ್ಟನ್ನು ಬರೆ. ಗಿರಾಕಿ ಮೆಟ್ಟಿಲು ಇಳಿಯುವ ಮುಂಚೆ ಬರೆಯಬೇಕು, ರಾತ್ರಿಗೆ ಎಂದು ಬಿಟ್ಟರೆ ಮರೆತುಹೋಗುತ್ತದೆ. ನಮ್ಮ ಸ್ಟೋರಿನಲ್ಲಿ ಇಂಥ ಪುಸ್ತಕವೊಂದಿತ್ತು. ತಿಂಗಳ ಕೊನೆಗೆ ಮ್ಯಾನೇಜರ್ ಮೊದಲು ಕೇಳುತ್ತಿದ್ದದ್ದು ಅದನ್ನೇ.

ಎರಡನೆಯದು, 214 ಬಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ಪುಸ್ತಕಗಳು ಎ, ಬಿ, ಸಿ ಎಂದು ದುಡ್ಡಿನ ಮೇಲೆ ಭಾಗ ಮಾಡಲು ಹೇಳುತ್ತವೆ. ಅದು ಸರಿಯೇ. ವರ್ಷಕ್ಕೆ ಯಾವುದರಲ್ಲಿ ಹೆಚ್ಚು ದುಡ್ಡು ಓಡಾಡುತ್ತದೋ ಅದರ ಮೇಲೆ ಹೆಚ್ಚು ಕಣ್ಣಿಡಬೇಕು. ಆದರೆ ಬಿಡಿಭಾಗದ ವ್ಯಾಪಾರಕ್ಕೆ ಅಷ್ಟೇ ಸಾಲದು. ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರದಲ್ಲಿ ಟ್ರಾವೆಲರ್ ಎಂಬ ತಂತಿಯ ಕೊಂಡಿಯೊಂದಿದೆ, ಅಂಗೈ ಮೇಲಿಟ್ಟರೆ ಅಕ್ಕಿಕಾಳು ಬಿದ್ದ ಹಾಗೆ ಕಾಣುತ್ತದೆ. ಬೆಲೆ ಲೆಕ್ಕಕ್ಕೇ ಬರದಷ್ಟು. ಅದು ಇಲ್ಲದಿದ್ದರೆ ನೂಲು ಬಾಬಿನ್ನಿಗೆ ಸುತ್ತಿಕೊಳ್ಳುವುದೇ ಇಲ್ಲ, ಕದಿರು ಸುಮ್ಮನೆ ತಿರುಗುತ್ತದೆ. ಹಾಗಾಗಿ ನಾವು ಇನ್ನೊಂದು ಭಾಗವನ್ನೂ ಮಾಡುತ್ತಿದ್ದೆವು: ಇದಿಲ್ಲದೆ ಯಂತ್ರ ನಿಲ್ಲುತ್ತದೆಯೇ, ಕುಂಟುತ್ತದೆಯೇ, ಅಥವಾ ಹೇಗೋ ನಡೆಯುತ್ತದೆಯೇ? ವೈಟಲ್, ಎಸೆನ್ಶಿಯಲ್, ಡಿಸೈರಬಲ್ ಎಂಬ ಮೂರು ಮಾತಿನಿಂದ ಅದಕ್ಕೆ ವಿ.ಇ.ಡಿ. ಎನ್ನುತ್ತಾರೆ. ನಿನ್ನ ಅಂಗಡಿಯ ನಲವತ್ತು ರೂಪಾಯಿಯ ಆಯಿಲ್ ಸೀಲ್, ಬುಷ್, ಇವೆಲ್ಲ ಅಗ್ಗವೂ ಹೌದು, ಇಲ್ಲದಿದ್ದರೆ ಮೋಟಾರು ನಿಲ್ಲುವುದೂ ಹೌದು. ಇವಕ್ಕೆ ಲೆಕ್ಕವೇ ಬೇಡ. ಬೇಸಿಗೆಗೆ ಬೇಕಾದಷ್ಟನ್ನು ಈಗಲೇ ತಂದು ತುಂಬಿಸಿಬಿಡು. ಹದಿನೈದು ಎಚ್.ಪಿ.ಯ ಸ್ಟೇಟರಿನಂಥ (ಕಾಯಿಲ್ ಕೂರುವ, ತಿರುಗದ ಭಾಗ) ದುಬಾರಿ, ಅಪರೂಪದ ಸಾಮಾನನ್ನು ಗಿರಾಕಿ ಮುಂಗಡ ಕೊಟ್ಟ ಮೇಲೆ ತರಿಸು. ನಡುವೆ ಉಳಿಯುವುದು ಮೂವತ್ತೋ ನಲವತ್ತೋ ಬಗೆ. ನಿನ್ನ ಥ್ರಸ್ಟ್ ಬೇರಿಂಗ್ ಆ ಗುಂಪಿನದು, ಕೂತು ಲೆಕ್ಕ ಹಾಕಬೇಕಾದದ್ದು ಅಷ್ಟಕ್ಕೆ ಮಾತ್ರ.

ಲೆಕ್ಕದಲ್ಲಿ ಬಂದ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಇಟ್ಟರೆ ನೋಡುವವರಾರು? ಡಬ್ಬಿಯಲ್ಲಿ ಇಡು. ಹತ್ತು ಉಳಿದಾಗ ತರಿಸಬೇಕು ಎಂದು ಲೆಕ್ಕ ಬಂತು ಎಂದಿಟ್ಟುಕೋ. ಹತ್ತು ಪೊಟ್ಟಣಗಳನ್ನು ಬೇರೆ ಮಾಡಿ ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಯ ಹಿಂಬದಿಗೆ ತಳ್ಳು. ಮುಂದಿನವು ಮುಗಿದು ಕೆಂಪು ರಬ್ಬರಿಗೆ ಕೈ ಹಾಕಬೇಕಾದ ದಿನ ಕೊಯಮತ್ತೂರಿಗೆ ಫೋನು ಮಾಡು. ಅಂಗಡಿಯ ಹುಡುಗನಿಗೂ ಅರ್ಥವಾಗುವ ಏರ್ಪಾಡು ಇದು, ಅವನು ಮರೆಯುವುದಿಲ್ಲ.

ಆ ಹತ್ತೋ ಹದಿನೈದೋ ಎಂಬುದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಮೇಷ್ಟ್ರೇ, ಬನ್ನಿ.

---

ದುರ್ಗದ ಮೋಟಾರು ಅಂಗಡಿ

ಯಜಮಾನರೇ, ಈಗಷ್ಟೇ ಹಳೆಯ ಬಿಲ್ಲು ತೆಗೆದು ನೋಡಿದೆ. ನೀವು ಹೇಳಿದ್ದು ನಿಜ. ಅವರು ಬಂದದ್ದು ಎಂಟನೆಯ ವಾರದಲ್ಲೇ. ಸೋಮವಾರ ಕೊನೆಯ ಬೇರಿಂಗ್ ಹೋಗಿತ್ತು, ಹೊಸ ಸರಕು ಬಂದದ್ದು ಭಾನುವಾರ. ಆರು ದಿನ ಡಬ್ಬಿ ಖಾಲಿಯಿತ್ತು. ಅದನ್ನು ‘ವ್ಯಾಪಾರ ಕಡಿಮೆಯಾದ ವಾರ’ ಎಂದು ನಾನು ಓದಿಕೊಂಡಿದ್ದೆ.

---

ಮೇಷ್ಟ್ರು, ದಾವಣಗೆರೆ

ಮೇಡಂ, ನಾನು ಎಂ.ಬಿ.ಎ. ಮಕ್ಕಳಿಗೆ ಆಪರೇಷನ್ಸ್ ರಿಸರ್ಚ್ ಪಾಠ ಮಾಡುತ್ತೇನೆ. ತರಗತಿಯಲ್ಲಿ ಉದಾಹರಣೆಗಳನ್ನು ನಾನೇ ಕಟ್ಟಿ ಹೇಳಬೇಕಾಗುತ್ತದೆ. ನಿಮ್ಮ ಹನ್ನೆರಡು ಸಂಖ್ಯೆಗಳನ್ನು ನೋಡಿ ನಿಜಕ್ಕೂ ಸಂತೋಷವಾಯಿತು.

ಮೊದಲು ಎಷ್ಟು ತರಿಸಬೇಕು ಎಂಬುದು. ಇದಕ್ಕೆ 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದ ಎಂಜಿನಿಯರ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ವರ್ಷದ ಬೇಡಿಕೆಯನ್ನು ಒಂದು ಸಲ ತರಿಸುವ ಖರ್ಚಿನಿಂದ ಗುಣಿಸಿ, ಎರಡರಷ್ಟು ಮಾಡಿ, ಒಂದು ಸಾಮಾನನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ನಿಮ್ಮಲ್ಲಿ 2 × 120 × 350 ಭಾಗಿಸು 180, ಅಂದರೆ 467. ಅದರ ವರ್ಗಮೂಲ ಸುಮಾರು 22. ಒಂದು ಸಲಕ್ಕೆ 22 ತರಿಸಿದರೆ ತರಿಸುವ ಖರ್ಚು, ಇಟ್ಟುಕೊಳ್ಳುವ ಖರ್ಚು ಎರಡೂ ಸೇರಿ ವರ್ಷಕ್ಕೆ 3,889 ರೂಪಾಯಿ. ಈಗ 22ರ ಬದಲು 30 ತರಿಸಿ ನೋಡಿ: 4,100 ರೂಪಾಯಿ. ವ್ಯತ್ಯಾಸ 211 ರೂಪಾಯಿ, ಅದೂ ವರ್ಷಕ್ಕೆ! ಈ ಖರ್ಚಿನ ಗೆರೆ ತಳದಲ್ಲಿ ತಟ್ಟೆಯ ಹಾಗೆ ಚಪ್ಪಟೆಯಾಗಿದೆ. ಇಪ್ಪತ್ತೋ ಇಪ್ಪತ್ತೈದೋ ಮೂವತ್ತೋ ಎಂದು ನೀವು ನಿದ್ದೆಗೆಡಬೇಕಾಗಿಲ್ಲ.

ನಿದ್ದೆಗೆಡಬೇಕಾದದ್ದು ಯಾವಾಗ ತರಿಸಬೇಕು ಎಂಬುದಕ್ಕೆ. ಫೋನು ಮಾಡಿದ ದಿನದಿಂದ ಪಾರ್ಸೆಲ್ ಕೈಗೆ ಬರುವವರೆಗೆ ಎಷ್ಟು ಜನ ಕೇಳಬಹುದೋ ಅಷ್ಟು ಬೇರಿಂಗ್ ಆ ಕೆಂಪು ರಬ್ಬರಿನೊಳಗೆ ಇರಬೇಕು. ಖಾಲಿ ಡಬ್ಬಿಯ ಎಂಟನೆಯ ವಾರವನ್ನು ಬಿಟ್ಟು ಉಳಿದ ಹನ್ನೊಂದು ವಾರಗಳ ಸರಾಸರಿ ತೆಗೆದೆ: ವಾರಕ್ಕೆ 4.45. ಒಂಬತ್ತು ದಿನಕ್ಕೆ 5.7. ಬರಿಯ ಸರಾಸರಿಯನ್ನು ನಂಬಿ ಆರು ಉಳಿದಾಗ ಫೋನು ಮಾಡಿದರೆ ಮೂರು ಸಲಕ್ಕೆ ಒಂದು ಸಲವಾದರೂ ಡಬ್ಬಿ ಖಾಲಿಯಾಗುತ್ತದೆ. ಹಾಗಾಗಿ ಮೇಲೆ ಒಂದಿಷ್ಟು ಕಾಪುದಾಸ್ತಾನು, ಅಂದರೆ ಏರಿಳಿತ ತಡೆಯಲು ಹೆಚ್ಚುವರಿ ಸರಕು, ಬೇಕು.

ಇಲ್ಲಿ ನಿಮ್ಮ ಸಂಖ್ಯೆಗಳು ಒಂದು ಕಥೆ ಹೇಳುತ್ತಿವೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಗಿರಾಕಿಗಳು ಅಪರೂಪಕ್ಕೆ ಬರುವ ಇಂಥ ಕಡೆ ಪಾಯ್ಸಾನ್ ಹಂಚಿಕೆಯನ್ನು (ಒಂದು ವಾರದಲ್ಲಿ ಎಷ್ಟು ಜನ ಬರಬಹುದು ಎಂಬ ಸಂಭವದ ಲೆಕ್ಕ) ಬಳಸುವುದು ರೂಢಿ. 1898ರಲ್ಲಿ ಬೋರ್ಟ್‌ಕಿಯೆವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಪ್ರಷ್ಯಾದ ಅಶ್ವದಳದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು ಇದರಿಂದಲೇ ವಿವರಿಸಿದ. ಆ ಹಂಚಿಕೆಯ ಗುರುತು ಏನೆಂದರೆ, ಮಾನಕ ವಿಚಲನೆಯ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ವರ್ಗ ಸರಾಸರಿಯಷ್ಟೇ ಇರುತ್ತದೆ. ನಿಮ್ಮ ಸರಾಸರಿ 4.45, ಆದರೆ ಆ ವರ್ಗ 9.5. ಎರಡರಷ್ಟಕ್ಕಿಂತ ಹೆಚ್ಚು! ಅಂದರೆ ನಿಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಿಲ್ಲ, ಗುಂಪಾಗಿ ಬರುತ್ತಿದ್ದಾರೆ. ಆ 11 ಮತ್ತು 10ರ ವಾರಗಳಲ್ಲಿ ಏನಾಗಿತ್ತು ಎಂದು ನೆನಪಿಸಿಕೊಳ್ಳಿ.

ಪಾಯ್ಸಾನ್ ನಂಬಿದ್ದರೆ, ಲಾರಿಯ ಏರಿಳಿತವನ್ನು ಸೇರಿಸಿದರೂ ಕೆಂಪು ರಬ್ಬರಿಗೆ 11 ಸಾಕಾಗುತ್ತಿತ್ತು. ನಿಮ್ಮ ನಿಜವಾದ ಏರಿಳಿತವನ್ನೂ ಲಾರಿ ಮೂರು ದಿನ ಹಿಂದೆ ಮುಂದೆ ಆಗುವುದನ್ನೂ ಸೇರಿಸಿದರೆ ಹೀಗೆ: ಒಂಬತ್ತು ದಿನದ ಬೇಡಿಕೆಯ ಏರಿಳಿತದಿಂದ 12.2 (ವಾರದ 9.5ನ್ನು ಒಂಬತ್ತು ದಿನಕ್ಕೆ ಹಿಗ್ಗಿಸಿದ್ದು), ಲಾರಿಯ ಏರಿಳಿತದಿಂದ 3.6 (ಮೂರು ದಿನದ ಸರಾಸರಿ ಬೇಡಿಕೆಯ ವರ್ಗ), ಒಟ್ಟು 15.8. ಅದರ ವರ್ಗಮೂಲ 4. ನೂರರಲ್ಲಿ ತೊಂಬತ್ತೈದು ಸಲ ಕೊರತೆಯಾಗಬಾರದು ಎಂದರೆ ಅದಕ್ಕೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ 1.645ರಿಂದ ಗುಣಿಸಿ: 6.5. ಸರಾಸರಿ 5.7 ಕೂಡಿಸಿ: 12.2. ಹಾಗಾಗಿ 13 ಪೊಟ್ಟಣಕ್ಕೆ ರಬ್ಬರ್ ಹಾಕಿ.

ಒಂದೇ ಲಾರಿಯಲ್ಲಿ ಹತ್ತಾರು ಬಗೆಯ ಸಾಮಾನು ಬರುವುದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ದಿನ ಫೋನು ಮಾಡುವುದು ನಿಮಗೆ ದುಬಾರಿ. ಪ್ರತಿ ಸೋಮವಾರ ಎಣಿಸಿ, ಡಬ್ಬಿಯಲ್ಲಿರುವುದು ಮತ್ತು ದಾರಿಯಲ್ಲಿರುವುದು ಸೇರಿ ಒಂದು ನಿಗದಿತ ಮಟ್ಟಕ್ಕೆ ಬರುವಷ್ಟನ್ನು ತರಿಸುವುದು ಇನ್ನೊಂದು ದಾರಿ. ಆಗ ಒಂಬತ್ತು ದಿನದ ಬದಲು ಹದಿನಾರು ದಿನಕ್ಕೆ ಸಾಕಾಗುವಷ್ಟು ಬೇಕು. ಅದೇ ಲೆಕ್ಕ ಹಾಕಿದರೆ ಈ ಬೇರಿಂಗಿಗೆ ಆ ಮಟ್ಟ 19. ಬಾಡಿಗೆ ಉಳಿಯುತ್ತದೆ, ದಾಸ್ತಾನು ಸ್ವಲ್ಪ ಹೆಚ್ಚುತ್ತದೆ. ನಿಮ್ಮ ಅಂಗಡಿಗೆ ಇದೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಮೇ ತಿಂಗಳ ಕೊನೆಯ ಖರೀದಿಗೆ ಮಾತ್ರ ಈ ತೊಂಬತ್ತೈದರ ಗುರಿ ಬೇಡ. ಮಳೆ ಬಿದ್ದ ಮೇಲೆ ಉಳಿದ ಬೇರಿಂಗ್ ಮುಂದಿನ ಫೆಬ್ರವರಿಯವರೆಗೆ ಡಬ್ಬಿಯಲ್ಲೇ ಕೂರಬಹುದು. ಎಂಟು ತಿಂಗಳಿಗೆ ಒಂದರ ಮೇಲೆ 120 ರೂಪಾಯಿ ಖರ್ಚು. ಇಲ್ಲ ಎಂದರೆ 300 ರೂಪಾಯಿ ಲಾಭ ಹೋಗುತ್ತದೆ. 300 ಭಾಗಿಸು 420, ಅಂದರೆ ನೂರಕ್ಕೆ 71. ಆಗ ಅಷ್ಟು ಭರವಸೆ ಸಾಕು.

---

ಭೀಮಸಮುದ್ರದ ಕಡೆಯ ತೋಟದವನು

ಅಮ್ಮಾ, ನಾನು ಲೆಕ್ಕ ಓದಿದವನಲ್ಲ. ಅಡಿಕೆ ತೋಟ ಮಾಡಿಕೊಂಡಿರುವವನು. ಬೋರು ಎರಡಿವೆ, ಒಂದರಲ್ಲಿ ಈಗ ನೀರು ಹೆಚ್ಚಿಲ್ಲ.

ಮೇಷ್ಟ್ರು ಕೇಳಿದ ಆ 11ರ ವಾರ ಏನಾಗಿರುತ್ತದೆ ಎಂದು ನಾನು ಹೇಳುತ್ತೇನೆ. ಬೇಸಿಗೆಯಲ್ಲಿ ತ್ರೀ ಫೇಸ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಮೋಟಾರು ಹಾಕುತ್ತೇವೆ. ವೋಲ್ಟೇಜು ಕುಸಿಯುತ್ತದೆ, ಮೋಟಾರು ಗುಂಯ್ ಎನ್ನುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಕೆಳಗಿನ ನಾಲ್ಕು ಮೋಟಾರು ಒಂದೇ ರಾತ್ರಿ ಸುಟ್ಟದ್ದನ್ನು ನೋಡಿದ್ದೇನೆ. ಅವುಗಳನ್ನು ಎತ್ತಿ ಬಿಚ್ಚಿದಾಗ ಬುಷ್ಷು, ಬೇರಿಂಗು ಎಲ್ಲ ಹೋಗಿರುತ್ತವೆ. ನಾಲ್ವರೂ ಒಂದೇ ಟೆಂಪೋ ಮಾಡಿಕೊಂಡು ಅಂಗಡಿಗೆ ಬರುತ್ತೇವೆ. ಗುಂಪು ಎಂದದ್ದು ಇದನ್ನೇ.

ಆದರೆ ಇನ್ನೊಂದು ಮಾತಿದೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅಂಗಡಿಯ ವಿಷಯವಲ್ಲ, ನಾನು ಮೋಟಾರು ಕೊಡುವ ಅಂಗಡಿ ಬೇರೆ. ಹೋದ ವರ್ಷ ಅಲ್ಲಿ ಬೇರಿಂಗೂ ಇತ್ತು, ತಂತಿಯೂ ಇತ್ತು. ಆದರೂ ಮೋಟಾರು ಕೈಗೆ ಬಂದದ್ದು ಐದನೆಯ ದಿನ. ದಿನಕ್ಕೆ ಎರಡು ಸಲ ಫೋನು ಮಾಡಿದರೆ ನಾಳೆ, ನಾಳೆ ಎನ್ನುತ್ತಿದ್ದರು. ಮೋಟಾರು ಎತ್ತುವ ಗಾಡಿಯವನಿಗೆ ಎರಡು ಸಲ ಹೇಳಿ ಎರಡು ಸಲ ಬೇಡವೆಂದೆ. ಏಪ್ರಿಲಿನಲ್ಲಿ ಎಳೆಯ ಅಡಿಕೆ ಗಿಡಗಳಿಗೆ ಐದು ದಿನ ನೀರಿಲ್ಲದಿದ್ದರೆ ಸುಳಿ ಬಾಡಿ ಬಾಗಿಬಿಡುತ್ತದೆ. ಸಾಮಾನು ಇಟ್ಟುಕೊಂಡರೆ ಮುಗಿಯಲಿಲ್ಲ. ಮೋಟಾರು ಎಂದು ಸಿಗುತ್ತದೆ ಎಂಬ ಖಚಿತ ಮಾತು ನಮಗೆ ಬೇಕು. ಶನಿವಾರ ಎಂದರೆ ಶನಿವಾರ. ತಡವಾಗುವುದಾದರೆ ಮೊದಲೇ ಹೇಳಿದರೆ ಟ್ಯಾಂಕರಿಗಾದರೂ ಹೇಳಿಕೊಳ್ಳುತ್ತೇವೆ.

---

ದುರ್ಗದ ಮೋಟಾರು ಅಂಗಡಿ

ಅಣ್ಣಾ, ಬೇಸರ ಯಾಕೆ? ಇದನ್ನು ಓದಿ ಎದ್ದು ಹೋಗಿ ಶೆಡ್ಡಿನಲ್ಲಿ ಎಣಿಸಿದೆ. ಒಂಬತ್ತು ಮೋಟಾರು ಸಾಲಾಗಿ ಮಲಗಿವೆ. ಬೇಸಿಗೆಯಲ್ಲಿ ಯಾವತ್ತು ನೋಡಿದರೂ ಎಂಟು, ಹತ್ತು ಇದ್ದೇ ಇರುತ್ತವೆ. ತಿಂಗಳಿಗೆ ಸುಮಾರು 81 ಬರುತ್ತವೆ, ಅಂದರೆ ದಿನಕ್ಕೆ 2.7. ನಮ್ಮ ವೈಂಡಿಂಗ್ ಮೇಸ್ತ್ರಿ ದಿನಕ್ಕೆ ಹೆಚ್ಚೆಂದರೆ ಮೂರು ಮುಗಿಸುತ್ತಾರೆ. ಬರುವುದಕ್ಕಿಂತ ಮುಗಿಸುವುದು ಹೆಚ್ಚಿದೆ, ಆದರೂ ಸಾಲು ಯಾಕೆ ಕರಗುವುದಿಲ್ಲ? ಇದು ನನಗೆ ಅರ್ಥವೇ ಆಗಿಲ್ಲ. ಮೇಷ್ಟ್ರೇ?

---

ಮೇಷ್ಟ್ರು, ದಾವಣಗೆರೆ

ತೋಟದವರು ನನ್ನ ಪಾಠದ ಅರ್ಧವನ್ನು ಹೇಳಿಬಿಟ್ಟರು.

ಸಾಲಿನಲ್ಲಿರುವ ಮೋಟಾರುಗಳನ್ನು ದಿನಕ್ಕೆ ಬರುವ ಮೋಟಾರುಗಳಿಂದ ಭಾಗಿಸಿ: 9 ಭಾಗಿಸು 2.7, ಅಂದರೆ 3.3 ದಿನ. ಒಂದು ಮೋಟಾರು ಸರಾಸರಿ ಇಷ್ಟು ದಿನ ನಿಮ್ಮ ಶೆಡ್ಡಿನಲ್ಲಿ ಇರುತ್ತದೆ. ಯಾವ ಸಾಲಿಗೂ ಇದು ಸಲ್ಲುತ್ತದೆ. 1961ರಲ್ಲಿ ಜಾನ್ ಲಿಟಲ್ ಇದನ್ನು ಸಾಧಿಸಿ ತೋರಿಸಿದ ಮೇಲೆ ಅವರ ಹೆಸರಿನಿಂದಲೇ ಕರೆಯುತ್ತಾರೆ. ಗಿರಾಕಿಗೆ ಯಾವ ದಿನ ಹೇಳಬೇಕು ಎಂಬುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ: ಸಾಲು ಎಣಿಸಿ, ಭಾಗಿಸಿ, ಅದಕ್ಕೆ ಒಂದು ದಿನ ಕೂಡಿಸಿ ಹೇಳಿ.

ಸಾಲು ಕರಗದಿರಲು ಕಾರಣ ಇಷ್ಟು. ಮೇಸ್ತ್ರಿಗೆ ಮೂರರ ಶಕ್ತಿಯಿದೆ, 2.7 ಬರುತ್ತದೆ, ನೂರಕ್ಕೆ ತೊಂಬತ್ತರಷ್ಟು ಹೊತ್ತು ಕೆಲಸವಿರುತ್ತದೆ. ಮೋಟಾರು ಬಾರದ ಬೆಳಗ್ಗೆ ಅವರು ಖಾಲಿ ಕೂತ ಹೊತ್ತನ್ನು ಸಂಜೆಗೆ ಎತ್ತಿಟ್ಟುಕೊಳ್ಳಲು ಆಗುವುದಿಲ್ಲ. ನಾಲ್ಕು ಮೋಟಾರಿನ ಟೆಂಪೋ ಬಂದ ದಿನ ಬೆಳೆದ ಸಾಲು ಕರಗಲು ವಾರ ಬೇಕು, ಅಷ್ಟರಲ್ಲಿ ಇನ್ನೊಂದು ಟೆಂಪೋ ಬರುತ್ತದೆ. ಬರುವುದೂ ಮುಗಿಸುವುದೂ ಹೇಗೆಂದರೆ ಹಾಗೆ ಏರಿಳಿಯುವ, ಒಬ್ಬನೇ ಕೆಲಸಗಾರನಿರುವ ಸಾಲಿನಲ್ಲಿ ಸರಾಸರಿ 0.9 (ಕೆಲಸವಿರುವ ಹೊತ್ತಿನ ಪಾಲು) ಭಾಗಿಸು 0.1 (ಖಾಲಿ ಹೊತ್ತಿನ ಪಾಲು) ಇರುತ್ತವೆ ಎಂದು ಸೂತ್ರ ಹೇಳುತ್ತದೆ. ಅಂದರೆ ಒಂಬತ್ತು. ನೀವು ಎಣಿಸಿದ್ದೂ ಒಂಬತ್ತು!

ಈಗ ಮೇಸ್ತ್ರಿಯ ಶಕ್ತಿ ಮೂರರಿಂದ ಮೂರೂವರೆ ಆದರೆ? ಮೂರೂವರೆಯಲ್ಲಿ 2.7 ಕಳೆಯಿರಿ, 0.8. ಒಂದನ್ನು 0.8ರಿಂದ ಭಾಗಿಸಿ, 1.25 ದಿನ. ಶಕ್ತಿ ಹೆಚ್ಚಿದ್ದು ಆರನೆಯ ಒಂದು ಭಾಗ, ಕಾಯುವಿಕೆ ಮೂರು ದಿನಕ್ಕಿಂತ ಹೆಚ್ಚಿದ್ದದ್ದು ಒಂದೂಕಾಲು ದಿನಕ್ಕೆ ಇಳಿಯಿತು. ಆ ಅರ್ಧ ಮೋಟಾರನ್ನು ಎಲ್ಲಿಂದ ತರುವುದು ಎಂಬುದನ್ನು ನೀವೇ ನೋಡಬೇಕು. ಮೇಸ್ತ್ರಿಯ ಪಕ್ಕ ಒಂದು ದಿನ ಕುಳಿತು ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ಬೇರೆಯವರು ಮಾಡಬಹುದಾದ ಯಾವ ಕೆಲಸವನ್ನು ಅವರು ಮಾಡುತ್ತಿದ್ದಾರೆ ಎಂಬುದನ್ನು ಹುಡುಕಿ.

---

ದುರ್ಗದ ಮೋಟಾರು ಅಂಗಡಿ (ಮಾರ್ಚ್ ಕೊನೆಯ ವಾರ)

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಹೇಳಲು ಏನಾದರೂ ಇರಲಿ ಎಂದು ಕಾದೆ.

ಮೇಸ್ತ್ರಿಯ ಪಕ್ಕ ಒಂದು ದಿನವಲ್ಲ, ಮೂರು ದಿನ ಕುಳಿತೆ. ಸುಟ್ಟ ತಂತಿಯನ್ನು ಕತ್ತರಿಸಿ ಎಳೆದು ತೆಗೆಯುವುದು, ಸ್ಟೇಟರಿನ ಸ್ಲಾಟುಗಳನ್ನು (ತಂತಿ ಕೂರುವ ಸೀಳುಗಳನ್ನು) ಬ್ರಷ್ಷಿನಿಂದ ಉಜ್ಜಿ ತೊಳೆಯುವುದು, ಇಷ್ಟಕ್ಕೇ ಒಂದೊಂದು ಮೋಟಾರಿಗೆ ನಲವತ್ತು ನಿಮಿಷ ಹೋಗುತ್ತಿತ್ತು. ಹೊಸ ತಂತಿಯನ್ನು ಒಂದೊಂದೇ ಎಳೆಯಾಗಿ ಸ್ಲಾಟಿನೊಳಗೆ ನುಗ್ಗಿಸಿ ಎಳೆಯುವಾಗ ಅವರ ಹೆಬ್ಬೆರಳು ನೋಡಬೇಕು. ತಂತಿಯ ಹೊದಿಕೆಗೆ ಗೀರು ಬೀಳದ ಹಾಗೆ ಸೋಪಿನ ನೀರು ಸವರಿ, ಉಗುರಿನ ಬದಿಯಿಂದ ಒತ್ತಿ ಕೂರಿಸುತ್ತಾರೆ. ಅದು ಹುಡುಗನಿಗೆ ಬರುವ ಕೆಲಸವಲ್ಲ. ತೊಳೆಯುವುದು ಬರುತ್ತದೆ. ಈಗ ಬಿಚ್ಚಿ ತೊಳೆಯುವುದೆಲ್ಲ ಹುಡುಗನ ಪಾಲಿಗೆ. ಮೇಸ್ತ್ರಿಯ ಮುಂದೆ ಸದಾ ಒಂದು ತೊಳೆದ ಸ್ಟೇಟರ್ ಸಿದ್ಧವಿರುತ್ತದೆ. ಮೊದಮೊದಲು ಅವರಿಗೆ ಇದು ಹಿಡಿಸಲಿಲ್ಲ. ತಾನು ತೊಳೆದ ಹಾಗೆ ಆಗುವುದಿಲ್ಲ ಎಂದರು. ಅವರೇ ನಿಂತು ಹುಡುಗನಿಗೆ ಕಲಿಸಿದ ಮೇಲೆ ಸರಿಹೋಯಿತು. ಈಗ ಸಾಲಿನಲ್ಲಿ ನಾಲ್ಕು, ಕೆಲವು ದಿನ ಐದು. ಮೋಟಾರು ತಂದವರಿಗೆ ಚೀಟಿಯಲ್ಲಿ ದಿನ ಬರೆದುಕೊಡುತ್ತೇನೆ. ಐವತ್ತೆರಡು ಚೀಟಿಗಳಲ್ಲಿ ಆರು ಸಲ ತಪ್ಪಿದೆ. ಆ ಆರು ಜನರಿಗೂ ಹಿಂದಿನ ಸಂಜೆಯೇ ಫೋನು ಮಾಡಿ ಹೇಳಿದೆ.

ಇಲ್ಲ ಪುಸ್ತಕದಲ್ಲಿ ಐದು ವಾರಕ್ಕೆ 63 ಬರಹಗಳಿವೆ. ಅವುಗಳಲ್ಲಿ 37 ಬರೀ ಆರು ಬಗೆಯ ಸಾಮಾನಿನವು. ಆರರಲ್ಲಿ ನಾಲ್ಕು ನೂರು ರೂಪಾಯಿಯೊಳಗಿನವು. ಯಜಮಾನರು ಅಗ್ಗದ ಸಾಮಾನು ತುಂಬಿಸಿಡು ಎಂದದ್ದರ ಅರ್ಥ ಆ ಪುಟ ನೋಡಿದಾಗ ಆಯಿತು. ಥ್ರಸ್ಟ್ ಬೇರಿಂಗಿಗೆ ಸೋಮವಾರದ 19ನ್ನೇ ಹಿಡಿದಿದ್ದೇನೆ, ಒಮ್ಮೆಯೂ ಇಲ್ಲ ಎಂದಿಲ್ಲ. ಒಂದು ವಾರ ಎರಡಕ್ಕೆ ಇಳಿದಿತ್ತು.

ಸರಕಿನ ಪಟ್ಟಿಯನ್ನೂ ಮಾಡಿದೆ. 6 ಲಕ್ಷ 10 ಸಾವಿರದಲ್ಲಿ 4 ಲಕ್ಷ 20 ಸಾವಿರ ಬರೀ 23 ಬಗೆಯಲ್ಲಿ ಕೂತಿದೆ. ಆ 23ರಲ್ಲಿ ಒಂಬತ್ತು ಬಗೆ ಎರಡು ವರ್ಷದಿಂದ ಒಂದೂ ಹೋಗಿಲ್ಲ. ಅವುಗಳದ್ದೇ 1 ಲಕ್ಷ 35 ಸಾವಿರ.

ಇನ್ನೊಂದು ಇದೆ, ಅದನ್ನು ಯಜಮಾನರನ್ನೇ ಕೇಳಬೇಕು. ಕೆಳಗಿನ ಖಾನೆಯಲ್ಲಿ ಬೀಡು ಕಬ್ಬಿಣದ 38 ಫುಟ್‌ವಾಲ್ವ್‌ಗಳಿವೆ (ನೀರು ಹೀರುವ ಪೈಪಿನ ತುದಿಗೆ ಹಾಕುವ ವಾಲ್ವ್). ತೆರೆದ ಬಾವಿಗಳಿಗೆ ಪಂಪು ಇಡುತ್ತಿದ್ದ ಕಾಲದವು. ಬಾವಿಗಳು ಬತ್ತಿ ಎಲ್ಲರೂ ಬೋರಿಗೆ ಹೋದರು, ಇವು ಉಳಿದವು. 2022ರಲ್ಲಿ ಒಳ್ಳೆಯ ಮಳೆಯಾಗಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತಲ್ಲ, ಆ ವರ್ಷ ಹಳೆಯ ಬಾವಿಗಳಲ್ಲೂ ನೀರು ನಿಂತಿತು. ಅಪ್ಪ ಮೂರು ಫುಟ್‌ವಾಲ್ವ್ ಮಾರಿದರು. ನೋಡಿದೆಯಾ, ಇಟ್ಟದ್ದು ಒಳ್ಳೆಯದಾಯಿತು ಎಂದು ಎಷ್ಟು ಸಂತೋಷಪಟ್ಟಿದ್ದರು. ಅದಕ್ಕೇ ಇವನ್ನು ತೆಗೆಯಲು ನನಗೆ ಕೈ ಬರುತ್ತಿಲ್ಲ.

---

ಹಳೆಯ ಸ್ಟೋರ್ ಕೀಪರ್, ದಾವಣಗೆರೆ

ಮಗಳೇ, ಗಿರಣಿ ಮುಚ್ಚಿದಾಗ ನನ್ನ ಸ್ಟೋರಿನ ಸಾಮಾನನ್ನು ನಾನೇ ತೂಕಕ್ಕೆ ಹಾಕಿಸಿದೆ. ಎಣ್ಣೆ ಕಾಗದದಿಂದ ಹೊರಗೇ ಬಾರದಿದ್ದ ಗೇರುಗಳು ಅದರಲ್ಲಿದ್ದವು. ಆ ಸಂಕಟ ನನಗೆ ಗೊತ್ತು.

ಅವುಗಳಿಗೆ ಅಪ್ಪ ಕೊಟ್ಟ ಹಣ ಅಂದೇ ಹೋಯಿತು. ಈಗ ಇಟ್ಟರೂ ಕೊಟ್ಟರೂ ಅದು ವಾಪಸು ಬರುವುದಿಲ್ಲ, ಆದ್ದರಿಂದ ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡ. ಇಂದು ಗುಜರಿಯವನು ಎಷ್ಟು ಕೊಡುತ್ತಾನೆ, ಆ ಹಣದಲ್ಲಿ ಇಲ್ಲ ಪುಸ್ತಕದ ಯಾವ ಸಾಮಾನು ಬರುತ್ತದೆ, ಅಷ್ಟನ್ನೇ ನೋಡು. ನೀರು ಉಕ್ಕಿದ ಅಂಥ ವರ್ಷದಲ್ಲೇ ಹೋದದ್ದು ಮೂರು. ಹಾಗಾದರೆ ನಾಲ್ಕು ಇಟ್ಟುಕೋ. ಅಪ್ಪನ ಅಂದಾಜಿಗೆ ಅದು ಅವಮಾನವಲ್ಲ. ಬಾವಿಯಲ್ಲಿ ನೀರಿದ್ದ ಕಾಲಕ್ಕೆ ಅವರ ಲೆಕ್ಕ ಸರಿಯಾಗಿಯೇ ಇತ್ತು.

---

ದುರ್ಗದ ಮೋಟಾರು ಅಂಗಡಿ

ನಿನ್ನೆ ಕೊಟ್ಟೆ, ಯಜಮಾನರೇ. 34 ಫುಟ್‌ವಾಲ್ವ್, 119 ಕೆ.ಜಿ. ತೂಗಿದವು. ಕೆ.ಜಿ.ಗೆ 30 ರೂಪಾಯಿಯಂತೆ 3,570 ಬಂತು. ಆ ಹಣಕ್ಕೆ ಇಂದು ಬುಷ್ ಮತ್ತು ಆಯಿಲ್ ಸೀಲಿಗೆ ಹೇಳಿದ್ದೇನೆ. ನಾಲ್ಕು ಫುಟ್‌ವಾಲ್ವ್‌ಗಳನ್ನು ಎಣ್ಣೆ ಸವರಿ ಅದೇ ಖಾನೆಯ ಮೂಲೆಯಲ್ಲಿ ಇಟ್ಟಿದ್ದೇನೆ.

ಮೇಷ್ಟ್ರೇ, ಜೂನಿನಲ್ಲಿ ಆ 19ನ್ನು ಎಷ್ಟಕ್ಕೆ ಇಳಿಸಬೇಕು ಎಂಬ ಲೆಕ್ಕವನ್ನು ಈ ಸಲ ನಾನೇ ಹಾಕಿ ಇಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.